ನೆಟ್ಟರಷ್ಟೇ ಉಳಿಯುವ ಗೆಡ್ಡೆಗಳು

ರಾಗಿ, ಭತ್ತದ ಬೀಜವನ್ನು ಚೆನ್ನಾಗಿ ಒಣಗಿಸಿ ತಣ್ಣಗಿಟ್ಟರೆ ದಶಕಗಳ ನಂತರವೂ ಮೊಳೆಯುತ್ತದೆ. ಕೆಸು, ಸುವರ್ಣಗೆಡ್ಡೆ, ಹೆಗ್ಗೆಣಸುಗಳಿಗೆ ಆ ಅನುಕೂಲವಿಲ್ಲ. ನೀರು ತುಂಬಿದ ಗೆಡ್ಡೆ ಪೂರ್ತಿ ಒಣಗಿದರೂ ಸಾಯುತ್ತದೆ, ಫ್ರೀಜರಿನಲ್ಲಿಟ್ಟರೂ ಸಾಯುತ್ತದೆ. ಪ್ರಯೋಗಾಲಯದ ಗಾಜಿನ ನಳಿಕೆಗಳಲ್ಲಿ ಅಂಗಾಂಶ ಬೆಳೆಸಿ ಕಾಪಾಡಬಹುದು, ನಿಜ. ಉಳಿದಂತೆ ಪ್ರತಿ ವರ್ಷ ಯಾರಾದರೂ ಮಣ್ಣಿಗೆ ಹಾಕಲೇಬೇಕು. ಉತ್ತರ ಕನ್ನಡದ ಜೊಯಿಡಾದಲ್ಲಿ ಮುಡ್ಲಿ, ಕೋನ ಮುಂತಾದ ಗೆಡ್ಡೆಗಳನ್ನು ಬೆಳೆದು ಮೇಳಕ್ಕೆ ತರುವ ಕುಣಬಿ ಕುಟುಂಬಗಳ ಹಿತ್ತಲುಗಳನ್ನು ನಾನು ಬೀಜಬ್ಯಾಂಕ್ ಎಂದೇ ಕರೆಯುತ್ತೇನೆ.

ಇಲ್ಲಿ ತಾಯಿಗೆಡ್ಡೆಯ ತುಂಡೇ ಮುಂದಿನ ಗಿಡ. ಹೂವು, ಪರಾಗ, ಬೀಜಗಳಿಗೆ ಕೆಲಸವಿಲ್ಲ. ಒಂದೇ ತಳಿಯ ಸಾವಿರ ಗಿಡಗಳಿದ್ದರೂ ಅವುಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಅಜ್ಜಿ ಬೇಯಿಸಿದ ರುಚಿಯೇ ಮೊಮ್ಮಗಳಿಗೂ ಸಿಗುವುದು ಇದರಿಂದ. ಆದರೆ ಒಂದು ಗಿಡವನ್ನು ಕೊಲ್ಲಬಲ್ಲ ರೋಗಕ್ಕೆ ಸಾವಿರವನ್ನೂ ಕೊಲ್ಲುವುದು ಕಷ್ಟವಲ್ಲ.

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಆದದ್ದು ಅದೇ. ಅಲ್ಲಿನ ಮುಖ್ಯ ಆಹಾರ ಕೆಸುವಿನ ಗೆಡ್ಡೆ. ರಫ್ತಿಗೆ ಚೆನ್ನಾಗಿ ಹೋಗುತ್ತಿದ್ದ ಒಂದೇ ತಳಿ ಹೊಲಗಳನ್ನೆಲ್ಲ ತುಂಬಿತ್ತು. 1993ರಲ್ಲಿ ಎಲೆ ಅಂಗಮಾರಿ ಕಾಲಿಟ್ಟಿತು. ಎಲೆಯ ಮೇಲೆ ಮೊದಲು ನೀರು ನೆಂದಂಥ ಚುಕ್ಕೆ, ಆಮೇಲೆ ಉಂಗುರ ಉಂಗುರವಾಗಿ ಹರಡುವ ಕಂದು ಮಚ್ಚೆ. ಮಳೆಹನಿಯೊಂದಿಗೆ ಚಿಮ್ಮುವ ರೋಗಾಣು ಕೆಲವೇ ದಿನಗಳಲ್ಲಿ ಎಲೆಯನ್ನು ಮುಗಿಸುತ್ತದೆ. ಮರುವರ್ಷದ ಹೊತ್ತಿಗೆ ರಫ್ತು ನೆಲಕಚ್ಚಿತು. ಚೇತರಿಸಿಕೊಳ್ಳಲು ಪಲಾವು, ಮೈಕ್ರೊನೇಷ್ಯಾ, ಏಷ್ಯಾಗಳ ತಳಿಗಳನ್ನು ತಂದು ಸಂಕರ ಮಾಡಬೇಕಾಯಿತು. ಬೇರೆ ಊರಿನವರು ತಮ್ಮ ಹಳೆಯ ತಳಿಗಳನ್ನು ಬಿಟ್ಟಿರಲಿಲ್ಲ, ಸದ್ಯ!

ಹಾಗೆ ತಳಿಗಳನ್ನು ಬಿಡದೆ ಉಳಿಸಿಕೊಳ್ಳುವ ಕೆಲಸವನ್ನು ನಾವೂ ಒಟ್ಟಾಗಿ ಮಾಡಬಹುದು. ಹತ್ತಾರು ಮನೆಯವರು ಸೇರಿ ಮಾಡುವ ತೋಟಕ್ಕೆ ಗೆಡ್ಡೆಗಳಷ್ಟು ಒಪ್ಪುವ ಬೆಳೆ ಇನ್ನೊಂದಿಲ್ಲ. ಹೆಗ್ಗೆಣಸಿನ ಬಳ್ಳಿಗೆ ಬೇಲಿಯೋ ಮರವೋ ಸಾಕು. ಸಿಹಿಗೆಣಸು ನೆಲ ಮುಚ್ಚಿ ಕಳೆ ಅಡಗಿಸುತ್ತದೆ. ಸುವರ್ಣಗೆಡ್ಡೆಯನ್ನು ಕತ್ತರಿಸುವಾಗ ಪ್ರತಿ ಹೋಳಿಗೂ ನಡುವಿನ ಮೊಳಕೆಯ ಸ್ವಲ್ಪ ಭಾಗ ಬರಬೇಕು. ಹೋಳುಗಳನ್ನು ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಗೊಬ್ಬರ ತುಂಬಿದ ಗುಂಡಿಗೆ ಇಡಬೇಕು. ಸಿಹಿಗೆಣಸಿನ ಮೂತಿಹುಳು ಮಣ್ಣಿನ ಬಿರುಕಿನಲ್ಲಿಳಿದು ಗೆಡ್ಡೆಯಲ್ಲಿ ಮೊಟ್ಟೆಯಿಡುತ್ತದೆ. ಬಿರುಕು ಬಿಡದಂತೆ ಮಣ್ಣೇರಿಸುವುದು, ಬುಡದ ಬಲಿತ ಬಳ್ಳಿ ಬಿಟ್ಟು ತುದಿಯ ಕುಡಿಗಳನ್ನಷ್ಟೇ ನೆಡುವುದು, ಹೋದ ವರ್ಷದ ಜಾಗ ಬದಲಿಸುವುದು, ಇವು ಸಿಂಪಡಣೆಯಿಲ್ಲದೆ ಅದನ್ನು ಹದ್ದುಬಸ್ತಿನಲ್ಲಿಡುವ ದಾರಿಗಳು.

ಬಾಯಿ ತುರಿಸುತ್ತದೆಂದು ಕೆಲವು ಕೆಸುಗಳನ್ನು ಜನ ಕೈಬಿಡುತ್ತಿದ್ದಾರೆ. ನನಗೆ ಹೆಚ್ಚು ಸಂಕಟ ಕೊಡುವುದು ಇದು. ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಸೂಜಿಗಳು ನಾಲಿಗೆಗೆ ಚುಚ್ಚುವುದರಿಂದ ಆಗುವ ತುರಿಕೆ ಅದು. ಹುಣಸೆಯೋ ಮುರುಗಲೋ ಹಾಕಿ ಚೆನ್ನಾಗಿ ಬೇಯಿಸುವುದನ್ನು ನಮ್ಮ ಅಡುಗೆಮನೆಗಳು ಎಂದೋ ಕಲಿತಿವೆ. ಅಂಥ ತಳಿಗೂ ಒಂದು ಪಾತಿ ಇರಲಿ. ಕಿತ್ತ ದಿನವೇ ಪ್ರತಿ ತಳಿಯ ಬಿತ್ತನೆಗೆಡ್ಡೆಯನ್ನು ಕನಿಷ್ಠ ಮೂರು ಮನೆಗಳಿಗೆ ಹಂಚಿ. ಒಬ್ಬರ ಪಾತಿ ಕೊಳೆತರೂ ಇನ್ನೊಬ್ಬರ ಬಳಿ ಸಿಕ್ಕೀತು.