ಈಮು ಕೋಳಿ: ಅಡಿಗೆಯ ಮನೆಯಿಂದ ಕಂಡಂತೆ

ಕಳೆದ ತಿಂಗಳ ಒಂದು ಸಂಜೆ, ಶಾಲೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೊರಟ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಾಗಿಲಲ್ಲಿ ಬಂದು ನಿಂತನು. ಕೈಯಲ್ಲಿ ಬಣ್ಣದ ಕರಪತ್ರ. ಯಾವುದೋ ಹೊಸ ಜಾತಿಯ ಹಕ್ಕಿಯನ್ನು ಸಾಕಲು ಕೊಡುತ್ತಾರಂತೆ. ಮರಿಯನ್ನೂ ಮೇವನ್ನೂ ಅವರೇ ಒದಗಿಸಿ, ಬೆಳೆದ ಮೇಲೆ ಅವರೇ ಕೊಳ್ಳುತ್ತಾರಂತೆ. “ಮೇಷ್ಟ್ರೇ, ನಮ್ಮಪ್ಪ ಎರಡು ಎಕರೆ ಅಡವಿಟ್ಟು ಸಾಲ ತಗೀತೀನಿ ಅಂತ ಕುಂತವ್ನೆ. ನೀವೊಂದು ಮಾತು ಹೇಳಿ” ಎಂದನು. ಕರಪತ್ರವನ್ನು ಎರಡು ಸಲ ಓದಿದೆನು. ಹಕ್ಕಿಯ ತೂಕವಿತ್ತು, ಮೊಟ್ಟೆಯ ಬೆಲೆಯಿತ್ತು, ತಿಂಗಳ ಆದಾಯವಿತ್ತು. ಅದನ್ನು ತಿನ್ನುವವರು ಯಾರು, ಹೇಗೆ ಬೇಯಿಸುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಕೂಡಲೆ ನಮ್ಮ ಭಾವನವರ ಈಮು ಕೋಳಿಗಳ ನೆನಪಾಯಿತು. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ನಮ್ಮ ತಾಳವಾಡಿ ಸೀಮೆ ಮಾತಿನಲ್ಲಿ ಕನ್ನಡವಾದರೂ ಆಡಳಿತದಲ್ಲಿ ಈರೋಡು ಜಿಲ್ಲೆ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಬಯಲು ಸೀಮೆ. ನಮ್ಮ ಅಕ್ಕನನ್ನು ಕೊಟ್ಟಿರುವುದು ಆ ಬಯಲಿನ ಕಡೆಗೆ. 2012ಕ್ಕೆ ಹಿಂದಿನ ಕೆಲವು ವರ್ಷ ಅಲ್ಲಿ ಎಲ್ಲಿ ನೋಡಿದರೂ ಈಮು ಕೋಳಿಯ ಮಾತೇ. ತಂತಿಬೇಲಿಯ ಹಿಂದೆ ಆಳುದ್ದದ ಹಕ್ಕಿಗಳು ಕತ್ತು ಚಾಚಿ ನಿಂತಿರುತ್ತಿದ್ದವು. ಹಣ ಕಟ್ಟಿದರೆ ಮರಿ ಕೊಟ್ಟು, ಸಾಕುವ ಕೂಲಿಯೆಂದು ತಿಂಗಳಿಗಿಷ್ಟು ಕೊಡುವ ಕಂಪನಿಗಳಿದ್ದವು. ಭಾವನವರು ಒಂದೂವರೆ ಲಕ್ಷ ಕಟ್ಟಿ ಆರು ಮರಿ ತಂದರು. ತಿಂಗಳ ಹಣ ಕೆಲಕಾಲ ತಪ್ಪದೆ ಬಂತು. ಅದನ್ನು ಕಂಡು ಪಕ್ಕದ ಹೊಲದವರೂ ಕಟ್ಟಿದರು. 2012ರ ಆಗಸ್ಟಿನಲ್ಲಿ ಈ ವ್ಯವಹಾರ ಕುಸಿದುಬಿತ್ತು. ಹಣ ಕಟ್ಟಿದವರು ದೂರು ಕೊಡಲು ಸಾಲು ನಿಂತರು. ಬಿಟ್ಟುಹೋದ ಹಕ್ಕಿಗಳಿಗೆ ತಮಿಳುನಾಡು ಸರಕಾರದ ಪಶುಸಂಗೋಪನಾ ಇಲಾಖೆಯವರೇ ಮೇವು ಹಾಕಬೇಕಾಯಿತು. ಭಾವನವರ ಆರರಲ್ಲಿ ಒಂದು ಸತ್ತಿತು, ಮೂರನ್ನು ಸಿಕ್ಕಿದ ಬೆಲೆಗೆ ಕೊಟ್ಟರು. ಉಳಿದ ಜೋಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಘಾಟಿ ಹತ್ತಿಸಿ ನಮ್ಮ ಜೋಳದ ಹೊಲಕ್ಕೆ ತಂದುಬಿಟ್ಟರು. ಮೇಷ್ಟ್ರ ಮನೆಗೆ ಒಂಟೆ ಬಂದಿದೆಯೆಂದು ಊರೆಲ್ಲ ಸುದ್ದಿಯಾಯಿತು.

ಆ ಚಳಿಗಾಲದಲ್ಲಿ ಹೆಣ್ಣು ಮೊಟ್ಟೆಯಿಡತೊಡಗಿತು. ಈಮು ತಂಪು ಹೊತ್ತಿನಲ್ಲಿ ಮೊಟ್ಟೆಯಿಡುವ ಹಕ್ಕಿ; ಮೂರು ನಾಲ್ಕು ದಿನಕ್ಕೊಂದರಂತೆ ಇಡುತ್ತದೆ. ಬೇಸಗೆ ಬಂದೊಡನೆ ನಿಲ್ಲಿಸುತ್ತದೆ. ಮೊಟ್ಟೆ ಕಡು ಹಸಿರು, ಮೇಲ್ಮೈ ಸ್ವಲ್ಪ ಒರಟು, ತೂಕ ಅರ್ಧ ಕಿಲೋವಿಗೂ ಹೆಚ್ಚು. ನಮ್ಮ ಕೋಳಿಯ ಹತ್ತು ಹನ್ನೆರಡು ಮೊಟ್ಟೆಗೆ ಒಂದು ಸಮ. ಚಿಪ್ಪಿನ ಬಣ್ಣ ಗಾಢವಾದುದರಿಂದ ಕೋಳಿಮೊಟ್ಟೆಯಂತೆ ದೀಪಕ್ಕೆ ಹಿಡಿದು ಒಳಗೆ ಏನಿದೆಯೆಂದು ನೋಡಲಾಗದು. ಆದ್ದರಿಂದ ಯಾವಾಗಲೂ ಬೇರೆ ಪಾತ್ರೆಯಲ್ಲಿ ಒಡೆದು, ವಾಸನೆ ನೋಡಿ, ಆಮೇಲೆ ಅಡಿಗೆಗೆ ಬಳಸಬೇಕು.

ಒಡೆಯುವುದೆಂದೆನೇ, ಅದು ಸುಲಭವಲ್ಲ. ನನ್ನಾಕೆ ಮೊದಲ ಮೊಟ್ಟೆಯನ್ನು ಬಾಂಡ್ಲಿಯ ಅಂಚಿಗೆ ತಟ್ಟಿದಳು. ಬಾಂಡ್ಲಿಯೇ ಗಡಗಡ ಸದ್ದು ಮಾಡಿತು, ಮೊಟ್ಟೆಗೆ ಏನೂ ಆಗಲಿಲ್ಲ. ಬಡಗಿಯ ಬೈರಿಗೆ ತರಿಸಿ ಎರಡು ತುದಿಗೂ ತೂತು ಕೊರೆದು, ಒಂದು ತೂತಿಗೆ ಸೈಕಲ್ ಪಂಪಿಟ್ಟು ಮೆಲ್ಲಗೆ ಗಾಳಿ ಹೊಡೆದೆನು. ಕೆಳಗಿನ ತೂತಿನಿಂದ ಹಳದಿ ಬಿಳಿ ಎರಡೂ ಬೆರೆತು ಪಾತ್ರೆಗೆ ಇಳಿಯಿತು. ಹೀಗೆ ಮಾಡಿದರೆ ಚಿಪ್ಪು ಇಡಿಯಾಗಿ ಉಳಿಯುತ್ತದೆ. ಆಸ್ಟ್ರೇಲಿಯದಲ್ಲಿ ಈ ಚಿಪ್ಪಿನ ಮೇಲೆ ಚಿತ್ರ ಕೆತ್ತುವ ಕಲೆಯೇ ಇದೆ. ಮೇಲಿನ ಹಸಿರನ್ನು ಕೆರೆದರೆ ಅದರಡಿಯಲ್ಲಿ ತಿಳಿಹಸಿರು, ಕೊನೆಗೆ ಬಿಳಿ ಕಾಣುವುದರಿಂದ ಬಣ್ಣ ಹಚ್ಚುವ ಅಗತ್ಯವಿಲ್ಲ.

ಈಮು ಮೊಟ್ಟೆಯ ಲೋಳೆ ಗಟ್ಟಿ. ನೊರೆ ಬರಿಸಲು ಕೋಳಿಮೊಟ್ಟೆಯಷ್ಟು ಒಗ್ಗುವುದಿಲ್ಲ. ಚಮಚದಿಂದ ಕಲಕಿದರೆ ಸಾಲದೆಂದು ನಮ್ಮತ್ತೆಯವರು ಮಜ್ಜಿಗೆಯ ಕಡೆಗೋಲನ್ನೇ ತಂದರು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಹೆಂಚಿನ ಮೇಲೆ ತೆಳ್ಳಗೆ ಹರಡಿ ಬೇಯಿಸಿದರು. ಏಳು ಜನ ತಿಂದು ಪಕ್ಕದ ಮನೆಗೂ ಹೋಯಿತು. ರುಚಿ ಕೋಳಿಮೊಟ್ಟೆಗಿಂತ ಸೌಮ್ಯ, ಬಾಯಿಗೆ ಸ್ವಲ್ಪ ಜಿಡ್ಡೆನಿಸುತ್ತದೆ. ಇಡಿಯಾಗಿ ಬೇಯಿಸಿಯೂ ನೋಡಿದೆವು. ಒಂದು ಗಂಟೆಗೂ ಮೇಲೆ ಕುದಿಸಿದರೂ ನಡುವೆ ಮೆತ್ತಗಿತ್ತು. ಸೌದೆಗೆ ಕೇಡು, ಅದನ್ನು ಯಾರೂ ಮಾಡಬೇಡಿ.

ಮೊಟ್ಟೆಯಲ್ಲಿ ನಮಗೆ ಯಾವ ದೂರೂ ಇಲ್ಲ. ಆದರೆ ಊರ ಅಂಗಡಿಯಲ್ಲಿ ಇಟ್ಟಾಗ ಒಬ್ಬರೂ ಕೊಳ್ಳಲಿಲ್ಲ. ಎರಡು ಮೊಟ್ಟೆ ಬೇಕಾದವನು ಹನ್ನೆರಡರಷ್ಟನ್ನು ಒಮ್ಮೆಗೇ ಕೊಂಡು ಏನು ಮಾಡಿಯಾನು? ಒಡೆದ ಮೇಲೆ ಉಳಿಸುವಂತಿಲ್ಲ. ಅದೂ ಅಲ್ಲದೆ ನಮ್ಮ ಸೀಮೆಯಲ್ಲಿ ಲಿಂಗಾಯತರ ಮನೆಗಳು ಬಹಳ. ಅಲ್ಲಿ ಮೊಟ್ಟೆಯ ಮಾತೂ ಇಲ್ಲ, ಮಾಂಸದ ಮಾತೂ ಇಲ್ಲ.

ಬೇಸಗೆ ಬಂತು, ಕಣಜದ ಜೋಳ ಮುಗಿಯುತ್ತ ಬಂತು. ಗಂಡು ಹಕ್ಕಿಯನ್ನು ಕೊಯ್ಯುವುದೆಂದು ತೀರ್ಮಾನವಾಯಿತು. ಆ ದಿನದ ವಿವರ ಬರೆಯಲು ಮನಸ್ಸಿಲ್ಲ; ಅದರ ಕಾಲಿನ ಒದೆತಕ್ಕೆ ಹೆದರಿ ಮೂವರು ಗಂಡಸರು ಅರ್ಧ ಗಂಟೆ ಬೇಲಿಯಾಚೆ ನಿಂತಿದ್ದೆವೆಂದರೆ ಸಾಕು. ಸುಲಿದಾಗ ಅಚ್ಚರಿಯೇ ಕಾದಿತ್ತು. ಕೋಳಿಯೆಂದರೆ ಎದೆಯ ಮಾಂಸವೆಂದು ತಿಳಿದಿದ್ದ ನಮಗೆ ಇದರ ಎದೆಯಲ್ಲಿ ಹಿಡಿಯಷ್ಟೂ ಸಿಗಲಿಲ್ಲ. ಹಾರದ ಹಕ್ಕಿಗೆ ಎದೆಯ ಮಾಂಸಖಂಡ ಬೆಳೆಯಬೇಕಾದ ಕಾರಣವಿಲ್ಲ. ಓಡುವುದರಿಂದ ಮಾಂಸವೆಲ್ಲ ತೊಡೆ ಮತ್ತು ಕಾಲುಗಳಲ್ಲಿ. ಬಣ್ಣ ಕುರಿಯದಕ್ಕಿಂತಲೂ ಕೆಂಪು. ಕೊಬ್ಬು ಮಾಂಸದ ನಡುವೆ ಇಲ್ಲ. ಬೆನ್ನಿನ ಮೇಲೆ, ಚರ್ಮದಡಿಯಲ್ಲಿ, ಬೇರೆಯಾಗಿ ಕೂತಿರುತ್ತದೆ. ಇದನ್ನೇ ಕರಗಿಸಿ ಈಮು ಎಣ್ಣೆ ತೆಗೆಯುವುದು. ನಮ್ಮದು ಹಸಿದ ಹಕ್ಕಿ, ಅಂಗೈಯಗಲವಷ್ಟೇ ಸಿಕ್ಕಿತು.

ಅತ್ತೆಯವರು ಅದನ್ನು ಕುರಿಯ ಮಾಂಸದಂತೆಯೇ ತುಂಡು ಮಾಡಿ, ಖಾರ ರುಬ್ಬಿ ಹಾಕಿ, ಕುಕ್ಕರಿನಲ್ಲಿ ಆರು ವಿಸಿಲ್ ಕೂಗಿಸಿದರು. ಎಲೆಗೆ ಬಿದ್ದದ್ದು ತೆಂಗಿನ ನಾರು. ಮಕ್ಕಳು ಜಗಿದು ಜಗಿದು ಪಕ್ಕಕ್ಕಿಟ್ಟರು. ಭಾವನವರು ಮಾತ್ರ ತಲೆಯೆತ್ತದೆ ಎಲ್ಲವನ್ನೂ ತಿಂದರು. ಕೈತೊಳೆಯುವಾಗ, “ಒಂದೂವರೆ ಲಕ್ಷದ ಸಾರು ಕಣಪ್ಪ, ಬಿಡೋಕಾಯ್ತದಾ?” ಎಂದರು. ನಾವು ಯಾರೂ ನಗಲಿಲ್ಲ.

ತಪ್ಪು ಹಕ್ಕಿಯದಲ್ಲ, ಒಲೆಯದು. ಕುರಿಯ ಮಾಂಸದಲ್ಲಿ ಎಳೆಗಳ ನಡುವೆ ಕೊಬ್ಬು ಹರಡಿರುತ್ತದೆ. ಬೇಯುವಾಗ ಅದು ಕರಗಿ ಮಾಂಸವನ್ನು ಒಣಗಗೊಡುವುದಿಲ್ಲ. ಈಮುವಿನ ಮಾಂಸದಲ್ಲಿ ಕೊಬ್ಬು ನೂರಕ್ಕೆ ಮೂರು ಪಾಲೂ ಇರುವುದಿಲ್ಲ. ಕಾವು ತಗಲಿದೊಡನೆ ಎಳೆಗಳು ಬಿಗಿದು ಒಳಗಿನ ನೀರನ್ನು ಹಿಂಡಿಬಿಡುತ್ತವೆ. ಹೀಗಾಗಿ ಇದಕ್ಕೆ ಎರಡೇ ದಾರಿ: ತೊಡೆಯ ಒಳಭಾಗದ ಮೆತ್ತನೆಯ ಮಾಂಸವಾದರೆ ನಿಮಿಷಗಳಲ್ಲಿ ಮುಗಿಸಬೇಕು; ನರ ತುಂಬಿದ ಮೀನಖಂಡವಾದರೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ನೀರಿನೊಳಗಿಡಬೇಕು. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ನಡುದಾರಿ ಹಿಡಿದದ್ದು ನಮ್ಮ ತಪ್ಪು.

ಇದು ತಿಳಿದ ಮೇಲೆ ಉಳಿದ ಮಾಂಸವನ್ನು ಹೀಗೆ ಮಾಡಿದೆವು. ತೊಡೆಯ ಮಾಂಸವನ್ನು ಎಳೆಗೆ ಅಡ್ಡಲಾಗಿ, ಹಪ್ಪಳಕ್ಕಿಂತ ಸ್ವಲ್ಪ ದಪ್ಪವಾಗಿ ಕೊಯ್ದು, ಹಸಿ ಪರಂಗಿಕಾಯಿಯ ತಿರುಳು, ಅರಿಶಿನ, ಶುಂಠಿ ಬೆಳ್ಳುಳ್ಳಿ ಸವರಿ ಅರ್ಧ ಗಂಟೆ ಇಟ್ಟೆವು. ಹೆಚ್ಚು ಹೊತ್ತಿಟ್ಟರೆ ಪರಂಗಿಯು ಮಾಂಸವನ್ನು ಹಿಟ್ಟಿನಂತೆ ಮಾಡಿಬಿಡುತ್ತದೆ. ಬಾಂಡ್ಲಿಯಲ್ಲಿ ಕಡಲೆಕಾಯಿ ಎಣ್ಣೆ ಹೊಗೆಯಾಡುವಷ್ಟು ಕಾದ ಮೇಲೆ, ಸ್ವಲ್ಪ ಸ್ವಲ್ಪವೇ ಹಾಕಿ, ಎರಡು ಮಗ್ಗುಲೂ ಬಣ್ಣ ತಿರುಗಿ ಒಳಗೂ ಬೆಂದೊಡನೆ ತೆಗೆದು, ಕೊನೆಗೆ ಉಪ್ಪು, ಕುಟ್ಟಿದ ಮೆಣಸು. ಮಕ್ಕಳು ಈ ಸಲ ಪಕ್ಕಕ್ಕಿಡಲಿಲ್ಲ. ಆಸ್ಟ್ರೇಲಿಯದ ಹೋಟೆಲುಗಳಲ್ಲಿ ದಪ್ಪ ತುಂಡನ್ನು ಒಳಗೆ ಕೆಂಪಾಗಿರುವಾಗಲೇ ಬಡಿಸುತ್ತಾರೆ. ನಮ್ಮ ಮನೆಗಳಲ್ಲಿ ಅದು ನಡೆಯದು. ತೆಳ್ಳಗೆ ಕೊಯ್ಯುವುದೇ ನಮಗೆ ಉಪಾಯ. ಕೈಮ ಮಾಡುವುದಾದರೆ ಹುರಿಗಡಲೆಯ ಹಿಟ್ಟಿನ ಜೊತೆ ಸ್ವಲ್ಪ ಕುರಿಯ ಕೊಬ್ಬನ್ನೂ ಸೇರಿಸಬೇಕು, ಇಲ್ಲವಾದರೆ ಉಂಡೆ ಬಿರಿಯುತ್ತದೆ. ಕಾಲಿನ ಮಾಂಸವನ್ನು ಮೂಳೆಸಹಿತ ಮಣ್ಣಿನ ಮಡಕೆಯಲ್ಲಿ, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ, ಕೆಂಡದ ಮೇಲಿಟ್ಟೆವು. ನರಗಳೆಲ್ಲ ಕರಗಿ ಸಾರು ಬೆರಳಿಗೆ ಅಂಟುವಂತಾಯಿತು. ರಾಗಿಹಿಟ್ಟಿಗೆ ಅದಕ್ಕಿಂತ ಒಳ್ಳೆಯ ಸಾರನ್ನು ನಾನು ಬಹಳ ಸಲ ಉಂಡಿಲ್ಲ.

ಈ ಹಕ್ಕಿಯ ತವರಿನಲ್ಲಿ ಮೂಲನಿವಾಸಿಗಳು ಇದನ್ನೇ ಬಹಳ ಹಿಂದೆ ಕಂಡುಕೊಂಡಿದ್ದರು. ನೆಲದಲ್ಲಿ ಗುಂಡಿ ತೋಡಿ, ಬೆಂಕಿಯಲ್ಲಿ ಕಲ್ಲುಗಳನ್ನು ಕಾಯಿಸಿ, ಹಕ್ಕಿಯ ಹೊಟ್ಟೆಯೊಳಗೂ ಸುತ್ತಲೂ ಇಟ್ಟು, ಸೊಪ್ಪು ಮಣ್ಣು ಮುಚ್ಚಿ ಗಂಟೆಗಟ್ಟಲೆ ಬಿಡುತ್ತಾರೆ. ಹಬೆ ಹೊರಗೆ ಹೋಗದು, ಮಾಂಸ ಒಣಗದು. ಕೊಬ್ಬನ್ನು ಮೈಗೆ ಸವರುತ್ತಿದ್ದರು, ಕೆಮ್ಮಣ್ಣಿನೊಡನೆ ಕಲಸಿ ಉತ್ಸವಗಳಲ್ಲಿ ಬಣ್ಣವಾಗಿ ಹಚ್ಚಿಕೊಳ್ಳುತ್ತಿದ್ದರು. ಕೆಲವು ಪಂಗಡಗಳಲ್ಲಿ ಹುಡುಗರು ದೀಕ್ಷೆಯ ವಿಧಿಗಳು ಮುಗಿಯುವವರೆಗೆ ಈ ಮಾಂಸವನ್ನು ಮುಟ್ಟಕೂಡದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಪಂಚಾಂಗ. ನಾವು ಮಳೆಯ ನಕ್ಷತ್ರ ನೋಡಿ ಬಿತ್ತುವಂತೆ, ಕಾಮಿಲರಾಯ್ ಜನರು ಆಕಾಶಗಂಗೆಯ ನಡುವಿನ ಕಪ್ಪು ಭಾಗಗಳಲ್ಲಿ ಒಂದು ಈಮುವನ್ನು ಕಾಣುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಅದು ಓಡುವಂತೆ ಕಂಡರೆ ಜೋಡಿಗೂಡುವ ಕಾಲ. ಜೂನ್ ಜುಲೈಯಲ್ಲಿ ಕೂತಂತೆ ಕಂಡರೆ ಗೂಡಿನಲ್ಲಿ ಮೊಟ್ಟೆಯಿದೆಯೆಂದು ಅರ್ಥ. ಅಲ್ಲಿ ಕಾವು ಕೂರುವುದು ಗಂಡು. ಸುಮಾರು ಎಂಟು ವಾರ, ಹೆಚ್ಚುಕಡಿಮೆ ಉಪವಾಸ.

ಹೀಗೆ ತಿನ್ನುವ ರೂಢಿಯಿರುವ ನಾಡಿನಲ್ಲೇ ಈಮು ಸಾಕಣೆ ಚಿಕ್ಕ ಉದ್ಯೋಗವಾಗಿ ಉಳಿದಿದೆ. ಅಲ್ಲಿಯೂ ಎಣ್ಣೆಗೇ ಹೆಚ್ಚು ಬೇಡಿಕೆ. 1932ರಲ್ಲಿ ಅಲ್ಲಿಯ ಪಶ್ಚಿಮ ಸೀಮೆಯ ಗೋಧಿ ಬೆಳೆಗಾರರು ಬೆಳೆ ತುಳಿಯುವ ಈಮುಗಳ ಮೇಲೆ ಸೈನ್ಯವನ್ನೇ ತರಿಸಿ ಮೆಷಿನ್ ಗನ್ ಹಾರಿಸಿದರೂ ಹಕ್ಕಿಗಳು ಬಗ್ಗಲಿಲ್ಲ. (ಆನೆ ಕಾಯುವ ನಮ್ಮವರಿಗೆ ಆ ರೈತರ ಕಷ್ಟ ಬೇಗ ಅರ್ಥವಾದೀತು.) ಅಮೆರಿಕದಲ್ಲಿ 1990ರ ದಶಕದಲ್ಲಿ ನಮ್ಮಂತೆಯೇ ಜೋಡಿ ಹಕ್ಕಿಗೆ ವಿಪರೀತ ಬೆಲೆ ಏರಿ, ದಶಕ ಮುಗಿಯುವುದರೊಳಗೆ ಬಿದ್ದುಹೋಯಿತು. ಎರಡು ಕಡೆಯೂ ಲೆಕ್ಕ ಒಂದೇ. ಸಾಕುವವನು ಮರಿಯನ್ನು ಇನ್ನೊಬ್ಬ ಸಾಕುವವನಿಗೆ ಮಾರುತ್ತಾನೆ, ಅವನು ಮತ್ತೊಬ್ಬನಿಗೆ. ಕೊಳ್ಳುವವರಿರುವವರೆಗೆ ಎಲ್ಲರಿಗೂ ಲಾಭ. ಬೇಯಿಸುವವಳ ಮನೆಯ ಬಾಗಿಲಿಗೆ ಆ ಹಕ್ಕಿ ಬರುವುದೇ ಇಲ್ಲ.

ಹೆಣ್ಣು ಹಕ್ಕಿಯ ವಿಷಯದಲ್ಲಿ ಇದು ನಮ್ಮ ಕಣ್ಣೆದುರಿಗೇ ನಡೆಯಿತು. ಅದನ್ನು ಊರಿನ ಕುರಿಮಾಂಸದ ಅಂಗಡಿಯವರಿಗೆ ಕೊಟ್ಟೆವು. ಹೊಸದೆಂದು ಮೊದಲ ದಿನ ಜನ ಮುತ್ತಿದರು, ಮಧ್ಯಾಹ್ನದೊಳಗೆ ಖರ್ಚಾಯಿತು. ಎಲ್ಲರೂ ನಮ್ಮತ್ತೆಯವರಂತೆಯೇ ಕುಕ್ಕರಿಗೆ ಹಾಕಿದರು. ಅಂಗಡಿಯವರು ಮುಂದಿನ ವಾರ ಸಿಕ್ಕಾಗ, “ಇನ್ನೊಂದು ಇದ್ರೂ ತರಬೇಡಿ ಮೇಷ್ಟ್ರೇ, ತಗೊಂಡೋರೆಲ್ಲ ಬೈತಾವ್ರೆ” ಎಂದರು. ಬೇಯಿಸುವ ರೀತಿಯನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯಲ್ಲಿ ತೂಗುಹಾಕಬೇಕಿತ್ತೆಂದು ನನಗೆ ಹೊಳೆದದ್ದು ಆಮೇಲೆ. ಹಣ ಕಟ್ಟಿಸಿಕೊಂಡವರಿಗೆ ಹೊಳೆಯಲೇ ಇಲ್ಲ. ಅವರ ಕರಪತ್ರಗಳಲ್ಲಿ ಈ ಮಾಂಸದಲ್ಲಿ ಕೊಲೆಸ್ಟರಾಲ್ ಇಲ್ಲವೇ ಇಲ್ಲವೆಂದು ಅಚ್ಚಾಗಿತ್ತು. ಅದು ಸುಳ್ಳು. ಕೊಬ್ಬು ಕಡಿಮೆ, ಕಬ್ಬಿಣದ ಅಂಶ ಹೆಚ್ಚು ಎಂಬುದು ನಿಜ. ಆದರೆ ಪ್ರಾಣಿಯ ಮಾಂಸವೆಂದ ಮೇಲೆ ಕೊಲೆಸ್ಟರಾಲ್ ಇದ್ದೇ ಇರುತ್ತದೆ.

ಭಾವನವರಿಗೆ ಕಟ್ಟಿದ ಹಣ ಬರಲಿಲ್ಲ. ಆ ಸಾಲ ತೀರಿಸಲು ಬಾವಿಯ ಪಕ್ಕದ ಒಂದು ಎಕರೆ ಹೋಯಿತು. ಅಕ್ಕ ಈಗಲೂ ಆ ದಾರಿಯಲ್ಲಿ ಹೋಗುವಾಗ ಆ ಕಡೆ ಮುಖ ಮಾಡುವುದಿಲ್ಲ.

ಕರಪತ್ರ ತಂದ ಹುಡುಗನಿಗೆ ನಾನು ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಅದರ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದುಕೊಟ್ಟೆನು. ಈ ಹಕ್ಕಿಯ ಮಾಂಸ ಈರೋಡಿನಲ್ಲಾಗಲಿ ಚಾಮರಾಜನಗರದಲ್ಲಾಗಲಿ ಈಗ ಯಾವ ಅಂಗಡಿಯಲ್ಲಿ ಮಾರಾಟವಾಗುತ್ತಿದೆ? ಕಿಲೋವಿಗೆ ಎಷ್ಟು? ಕಳೆದ ವಾರ ಕೊಂಡವರಲ್ಲಿ ಈ ವಾರ ಮತ್ತೆ ಕೊಂಡವರ ಮನೆಗೆ ನಮ್ಮನ್ನು ಕರೆದುಕೊಂಡು ಹೋಗುವಿರಾ? ಹುಡುಗನು ಅದನ್ನು ಕರಪತ್ರದಲ್ಲಿದ್ದ ವಿಳಾಸಕ್ಕೇ ಅಂಚೆಯಲ್ಲಿ ಕಳುಹಿಸಿದನಂತೆ. ಅವನ ತಂದೆ ಉತ್ತರ ಬರುವವರೆಗೆ ಬ್ಯಾಂಕಿಗೆ ಹೋಗುವುದಿಲ್ಲವೆಂದು ಒಪ್ಪಿದ್ದಾನೆ. ಇದನ್ನು ಬರೆಯುವ ದಿನದವರೆಗೆ ಉತ್ತರ ಬಂದಿಲ್ಲ.