ಟೆಕ್ಸಾಸಿನಲ್ಲಿ ಗಾಂಜಾ: ಸೊಪ್ಪಿಗಿಂತ ಮಿಠಾಯಿಗೇ ಶಿಕ್ಷೆ ಹೆಚ್ಚು

‘ಡಾಕ್ಟ್ರೇ, ಅಮೆರಿಕದಲ್ಲಿ ಈಗ ಗಾಂಜಾಕ್ಕೆ ಅಡ್ಡಿಯಿಲ್ಲವಂತೆ, ನಿಜವೇ?’ ಮಗನನ್ನು ಎಂ.ಎಸ್. ಓದಲು ಟೆಕ್ಸಾಸಿಗೆ ಕಳುಹಿಸುತ್ತಿರುವ ತಾಯಿಯೊಬ್ಬರು, ಅವನ ಲಸಿಕೆಯ ಪಟ್ಟಿ ಹಿಡಿದು ಬಂದಾಗ ಹೀಗೆ ಕೇಳಿದರು. ‘ಅಲ್ಲಿ ಅಂಗಡಿಯಲ್ಲೇ ಮಿಠಾಯಿ ಮಾಡಿ ಮಾರುತ್ತಾರಮ್ಮ’ ಎಂದು ಮಗ ನಕ್ಕ. ಅವನ ಮಾತು ಅರ್ಧ ಸತ್ಯ. ಅಪಾಯ ಇರುವುದೇ ಉಳಿದರ್ಧದಲ್ಲಿ.

ಅಮೆರಿಕದಲ್ಲಿ ಈ ವಿಷಯಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು. ಕೊಲರಾಡೊ ರಾಜ್ಯದ ಮತದಾರರು 2012ರಲ್ಲಿ ವಯಸ್ಕರ ಬಳಕೆಗೆ ಒಪ್ಪಿಗೆ ಕೊಟ್ಟರು. ಟೆಕ್ಸಾಸಿನ ನೆರೆಯ ನ್ಯೂ ಮೆಕ್ಸಿಕೊ 2021ರಲ್ಲಿ ಅದೇ ಹಾದಿ ಹಿಡಿಯಿತು. ಆದರೆ ಅಲ್ಲಿ ರಸೀದಿ ಪಡೆದು ಕೊಂಡ ಪೊಟ್ಟಣವೂ ಟೆಕ್ಸಾಸಿನ ಗಡಿ ದಾಟಿದೊಡನೆ ಅಪರಾಧದ ವಸ್ತುವಾಗುತ್ತದೆ.

ಶಿಕ್ಷೆ ಎಷ್ಟು?

ಟೆಕ್ಸಾಸಿನಲ್ಲಿ 2 ಔನ್ಸ್‌ವರೆಗೆ (ಸುಮಾರು 57 ಗ್ರಾಂ) ಗಾಂಜಾ ಸೊಪ್ಪು ಇಟ್ಟುಕೊಂಡವರಿಗೆ 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ವಿಧಿಸಬಹುದು. 2ರಿಂದ 4 ಔನ್ಸ್ ಇದ್ದರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. 4 ಔನ್ಸ್ ಮೀರಿದರೆ ಗಂಭೀರ ಅಪರಾಧ.

ಗಾಂಜಾದಲ್ಲಿ ಅಮಲೇರಿಸುವ ಅಂಶದ ಹೆಸರು ಟಿ.ಎಚ್.ಸಿ. ಅದನ್ನು ಬೇರ್ಪಡಿಸಿ ತಯಾರಿಸಿದ ಎಣ್ಣೆ, ವೇಪ್ ಕೊಳವೆ, ಮಿಠಾಯಿಗಳಿಗೆ ಸೊಪ್ಪಿನ ಲೆಕ್ಕ ಅನ್ವಯಿಸುವುದಿಲ್ಲ. ಒಂದು ಗ್ರಾಂಗಿಂತ ಕಡಿಮೆ ಇದ್ದರೂ ಗಂಭೀರ ಅಪರಾಧವೇ: 180 ದಿನಗಳಿಂದ 2 ವರ್ಷ ಜೈಲು. 4ರಿಂದ 400 ಗ್ರಾಂಗೆ 2ರಿಂದ 20 ವರ್ಷ! ತೂಗುವಾಗ ಬೆರೆಸಿದ ಸಕ್ಕರೆ, ಹಿಟ್ಟನ್ನೂ ಸೇರಿಸಿಯೇ ತೂಗುತ್ತಾರೆ. 2019ರ ಕಾಯ್ದೆ, ಟಿ.ಎಚ್.ಸಿ. ಅತ್ಯಲ್ಪವಿರುವ ‘ಹೆಂಪ್’ ಪದಾರ್ಥಗಳನ್ನು ಇದರಿಂದ ಹೊರಗಿಟ್ಟಿತು, ನಿಜ. ಆದರೆ ಕಣ್ಣಿಗೆ ಎರಡೂ ಮಿಠಾಯಿ ಒಂದೇ. ವ್ಯತ್ಯಾಸ ತಿಳಿಯುವುದು ಪ್ರಯೋಗಾಲಯದಲ್ಲಿ.

ಹೊರದೇಶದ ವಿದ್ಯಾರ್ಥಿಗೆ ಜೈಲಿನಷ್ಟೇ ದೊಡ್ಡ ಚಿಂತೆ ವೀಸಾ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಾಂಜಾ ಇಂದಿಗೂ ನಿಯಂತ್ರಿತ ವಸ್ತು. ಸ್ವಂತ ಬಳಕೆಗೆ 30 ಗ್ರಾಂ ಒಳಗೆ ಇಟ್ಟುಕೊಂಡ ಒಂದೇ ಒಂದು ಪ್ರಕರಣವಾದರೆ ಗಡೀಪಾರಿನಿಂದ ವಿನಾಯಿತಿ ಉಂಟು. ಆದರೂ ರಜೆಗೆ ಊರಿಗೆ ಬಂದವನಿಗೆ ಮರಳಿ ಪ್ರವೇಶ ಸಿಗದೆ ಹೋಗಬಹುದು.

ದೇಹಕ್ಕೆ ಏನಾಗುತ್ತದೆ?

ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದದ್ದು ಹೊಟ್ಟೆ, ಯಕೃತ್ತುಗಳ ಮೂಲಕ ಹೋಗಬೇಕಾದ್ದರಿಂದ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಹುಡುಗರು ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಎರಡೂ ಸೇರಿ ಎದೆಬಡಿತ, ವಾಂತಿ, ವಿಪರೀತ ಭಯ, ಇಲ್ಲದ್ದು ಕಂಡಂತಾಗುವುದು ಶುರುವಾಗಿ ಗಂಟೆಗಟ್ಟಲೆ ಕಾಡುತ್ತವೆ. ಎಳೆಯ ವಯಸ್ಸಿನಲ್ಲಿ ಸತತವಾಗಿ ಬಳಸುವವರಿಗೆ ಚಿತ್ತವಿಕಲತೆಯ ಸಂಭವ ಹೆಚ್ಚು. ಮನೆತನದಲ್ಲಿ ಆ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು. ದಿನವೂ ಬಳಸುವವರ ಮೂತ್ರದಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಇದರ ಕುರುಹು ಸಿಗುತ್ತದೆ.

‘ಔಷಧವೆಂದು ಕೊಡುವುದಿಲ್ಲವೇ?’ ಎಂದು ನೀವು ಕೇಳಬಹುದು. ಟೆಕ್ಸಾಸಿನಲ್ಲಿ 2015ರ ಕಾಯ್ದೆಯಂತೆ, ಗೊತ್ತುಪಡಿಸಿದ ಕಾಯಿಲೆಗಳಿಗೆ ಮಾತ್ರ, ನೋಂದಾಯಿತ ವೈದ್ಯರ ಸಲಹೆಯ ಮೇಲೆ ಕೊಡುತ್ತಾರೆ. ಬೇರೆ ರಾಜ್ಯದ ಚೀಟಿ ಅಲ್ಲಿ ನಡೆಯದು.

ಮಕ್ಕಳನ್ನು ವಿಮಾನ ಹತ್ತಿಸುವ ಮುನ್ನ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆಗೆ ಈ ಮೂರು ಮಾತನ್ನೂ ಕಟ್ಟಿ ಕೊಡಿ. ಸ್ನೇಹಿತರ ಕೂಟದಲ್ಲಿ ಕೈಗಿಟ್ಟ ಮಿಠಾಯಿ ಏನೆಂದು ಕೇಳದೆ ತಿನ್ನಬೇಡಿ. ಮತ್ತೊಬ್ಬರ ಪೊಟ್ಟಣವನ್ನು ನಿಮ್ಮ ಚೀಲದಲ್ಲಿ, ಕಾರಿನಲ್ಲಿ ಇಟ್ಟುಕೊಳ್ಳಬೇಡಿ. ತಿಳಿಯದೆ ತಿಂದು ಆರೋಗ್ಯ ಕೆಟ್ಟರೆ ಹೆದರಿ ಕೋಣೆಯಲ್ಲಿ ಕೂರದೆ 911ಕ್ಕೆ ಕರೆಮಾಡಿ, ತಿಂದದ್ದು ಏನೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮೊದಲು ಜೀವ ಉಳಿಯಬೇಕು.