ನಿಮಗಿದು ಗೊತ್ತೆ? ನಮ್ಮ ಚಿಗರಿ, ಯುರೋಪಿನ ಕಾಡುಕೋಣ

ಜನವಾಡ, ಭಾಲ್ಕಿ, ಔರಾದ್ ಒಳಗೊಂಡ ಬೀದರ್ ಜಿಲ್ಲೆಯ ಬಯಲಿಗೆ ಚಿಗರಿ ಹೊಸದಲ್ಲ. ಪುಸ್ತಕದಲ್ಲಿ ಇದರ ಹೆಸರು ಕೃಷ್ಣಮೃಗ. ಕಪ್ಪು ಬೆನ್ನು, ತಿರುಚಿದ ಕೊಂಬು ಬಲಿತ ಗಂಡಿನವು. ಹೆಣ್ಣು ಕಂದು ಬಣ್ಣದ್ದು. ಇದಕ್ಕೆ ದಟ್ಟ ಕಾಡು ಒಗ್ಗದು, ಹುಲ್ಲುಬಯಲೇ ಮನೆ. ಆ ಬಯಲನ್ನು ನಾವು 'ಬಂಜರು' ಎಂದು ಕರೆಯುತ್ತ ಬಂದಿದ್ದೇವೆ! ಹುಲ್ಲು ಕಡಿಮೆಯಾದಾಗ ಹಿಂಡು ಹೊಲಕ್ಕೆ ಇಳಿಯುತ್ತದೆ. ರೈತನ ನಷ್ಟವೂ ನಿಜವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಇದಕ್ಕೆಂದೇ ಅಭಯಾರಣ್ಯವಾಯಿತು. ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪುಪಟ್ಟಿಯಲ್ಲಿ ಈಗ ಚಿಗರಿ 'ಕಡಿಮೆ ಆತಂಕ'ದ ಪ್ರಾಣಿ.

ಚಿಗರಿಯಂತೆ ದನದ ಕುಟುಂಬಕ್ಕೇ ಸೇರಿದ ಯುರೋಪಿನ ಕಾಡುಕೋಣದ್ದು ಇನ್ನೂ ಕಠಿಣ ಕಥೆ. 1927ರಲ್ಲಿ ಕಾಕಸಸ್‌ನಲ್ಲಿ ಕೊನೆಯದು ಬೇಟೆಗೆ ಬಲಿಯಾದ ಮೇಲೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಮೃಗಾಲಯ ಮತ್ತು ಸಾಕಣೆ ಕೇಂದ್ರಗಳಲ್ಲಿ ಬದುಕಿದ್ದವು 50ರ ಆಸುಪಾಸು; ಅವುಗಳಲ್ಲಿ ಕೇವಲ 12 ಪ್ರಾಣಿಗಳ ಸಂತತಿಯೇ ಇಂದಿನ ಎಲ್ಲವೂ. 2003ರಲ್ಲಿ ಸುಮಾರು 1,800 ಇದ್ದ ಕಾಡಿನ ಸಂಖ್ಯೆ 2019ಕ್ಕೆ 6,200 ದಾಟಿತು. 2020ರಲ್ಲಿ ಅದೇ ಕೆಂಪುಪಟ್ಟಿಯಲ್ಲಿ ಈ ಪ್ರಾಣಿ 'ದುರ್ಬಲ' ವರ್ಗದಿಂದ ಸುಧಾರಿಸಿ 'ಅಪಾಯದ ಅಂಚು' ವರ್ಗಕ್ಕೆ ಬಂತು.

ಚಿಗರಿಗೂ ಇಂಥ ಮರುಜೀವದ ಕಥೆಯಿದೆ: ಪಾಕಿಸ್ತಾನದ ಕಾಡಿನಲ್ಲಿ ಅದು ನಶಿಸಿದಾಗ ಮರುಸಾಕಣೆಗೆ ಪ್ರಾಣಿಗಳು ಬಂದದ್ದು ದೂರದ ಅಮೆರಿಕದ ಟೆಕ್ಸಾಸ್‌ನಿಂದ.